ಹಳೆಯ ಸಿಮೆಂಟ್ ಕಾರ್ಖಾನೆಗೆ ಹಣ ಹಾಕುವುದಾದರೆ ಮೊದಲು ಎಲ್ಲಿ?

ಮಂಜೂರಾದ ಹಣ ಒಂದು ಗಂಟು, ಅದಕ್ಕೆ ಕೈಚಾಚುವವರು ಹಲವರು. ಕಲ್ಲು ಸುಡುವ ಕುಲುಮೆ, ಅಂದರೆ ಕಿಲ್ನ್ ವಿಭಾಗದವರಿಗೆ ಸುಟ್ಟದ್ದನ್ನು ತಣಿಸುವ ಹೊಸ ಕೂಲರ್ ಬೇಕು. ವಿದ್ಯುತ್ ವಿಭಾಗದವರಿಗೆ ಪೋಲಾಗುವ ಶಾಖದಿಂದ ಕರೆಂಟ್ ತೆಗೆಯುವ ಆಸೆ. ಗ್ರೈಂಡಿಂಗ್‌ನವರು ಎರಡು ರೋಲುಗಳ ನಡುವೆ ಒತ್ತಿ ಪುಡಿಮಾಡುವ ರೋಲರ್ ಪ್ರೆಸ್ ಇಲ್ಲದೆ ಯೂನಿಟ್ ಲೆಕ್ಕ ಇಳಿಯುವುದಿಲ್ಲ ಎನ್ನುತ್ತಾರೆ. ಮುಖ್ಯ ಕಚೇರಿ ಇಂಗಾಲದ ಅಂಕಿ ಕೇಳುತ್ತದೆ, ಪಕ್ಕದ ಊರಿನವರು ತೊಗರಿ ಹೊಲದ ಮೇಲೆ ಕೂತ ಧೂಳನ್ನು ತೋರಿಸುತ್ತಾರೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯಿಂದ, ಬಾಗಲಕೋಟೆ, ಲೋಕಾಪುರದ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇದೇ ಧಾಟಿಯವು: ಎಲ್ಲವೂ ಸರಿ ಎನಿಸುತ್ತದೆ, ಎಲ್ಲದಕ್ಕೂ ಹಣವಿಲ್ಲ, ಯಾವುದು ಮೊದಲು?

ಭೀಮಾ ಕಣಿವೆಯ ಸುಣ್ಣಕಲ್ಲಿನ ಮೇಲೆ ನಿಜಾಮರ ಕಾಲದಿಂದಲೂ ಸಿಮೆಂಟ್ ಸುಡುತ್ತಿದ್ದೇವೆ. ಇಂದು ದಿನಕ್ಕೆ ಹನ್ನೆರಡು ಸಾವಿರ ಟನ್ನಿಗೂ ಹೆಚ್ಚು ಕ್ಲಿಂಕರ್ (ಕಲ್ಲು ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳು, ಅರೆದರೆ ಸಿಮೆಂಟ್) ಕೊಡುವ ಕಿಲ್ನ್ ವಾಡಿಯಲ್ಲಿದೆ. ಇನ್ನೊಂದು ಕಡೆ ಕುರಕುಂಟಾದ ಸಿಸಿಐ (ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್) ಘಟಕ ತೊಂಬತ್ತರ ದಶಕದಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಈ ಎರಡರ ನಡುವೆ ಇರುವ, ಎಂಬತ್ತರ ದಶಕದ ಯಂತ್ರಗಳನ್ನು ಇನ್ನೂ ತಿರುಗಿಸುತ್ತಿರುವ ಮಧ್ಯಮ ಗಾತ್ರದ ಘಟಕಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ಒಂದು ಮಾದರಿ ಘಟಕವನ್ನು ಊಹಿಸಿಕೊಳ್ಳೋಣ. ದಿನಕ್ಕೆ 3,000 ಟನ್, ವರ್ಷಕ್ಕೆ ಸುಮಾರು 10 ಲಕ್ಷ ಟನ್ ಕ್ಲಿಂಕರ್, ಒಂದಷ್ಟು ಬೆರಕೆ ಸೇರಿ 14 ಲಕ್ಷ ಟನ್ ಸಿಮೆಂಟ್. ಕಿಲ್ನ್‌ಗೆ ಹೋಗುವ ಕಲ್ಲಿನ ಪುಡಿಯನ್ನು ಬಿಸಿ ಅನಿಲದಿಂದ ಕಾಯಿಸುವ ನಾಲ್ಕು ಹಂತದ ಪ್ರೀಹೀಟರ್ ಗೋಪುರ, ಪುಡಿಯನ್ನು ಅರೆಬರೆ ಸುಡುವ ಚಿಕ್ಕ ಕ್ಯಾಲ್ಸಿನರ್, ಸವೆದ ಗ್ರೇಟ್ (ಜಾಲರಿ) ಕೂಲರ್, ಉಕ್ಕಿನ ಗುಂಡುಗಳಿಂದ ಅರೆಯುವ ಹಳೆಯ ಬಾಲ್ ಮಿಲ್‌ಗಳು, ಚಿಮಣಿಗೆ ವಿದ್ಯುತ್ತಿನಿಂದ ಧೂಳು ಹಿಡಿಯುವ ಇಎಸ್‌ಪಿ. ಕ್ಲಿಂಕರ್‌ನ ಪ್ರತಿ ಕಿಲೋಗೆ 800 ಕಿಲೋಕ್ಯಾಲೊರಿ ಶಾಖ, ಸಿಮೆಂಟಿನ ಪ್ರತಿ ಟನ್ನಿಗೆ 95 ಯೂನಿಟ್ ವಿದ್ಯುತ್. ಆರು ಹಂತದ ಹೊಸ ಕಿಲ್ನ್‌ಗಳು 700ರ ಆಸುಪಾಸಿನಲ್ಲಿ ಉರಿಯುತ್ತವೆ, ಒಳ್ಳೆಯ ಘಟಕಗಳು 70 ಯೂನಿಟ್‌ಗಿಂತ ಕೆಳಗಿವೆ. ಯಂತ್ರ ಮಾರುವವರ ಕ್ಯಾಟಲಾಗಿನಲ್ಲಂತೂ ಎಲ್ಲ ಕಿಲ್ನ್‌ಗಳೂ 680ರಲ್ಲೇ ಉರಿಯುತ್ತವೆ, ಅದನ್ನು ಪಕ್ಕಕ್ಕಿಡೋಣ.

ಅಳೆಯುವ ಕೋಲುಗಳು

ಮೊದಲ ಪ್ರಶ್ನೆ ಯಂತ್ರದ್ದಲ್ಲ, ಗಣಿಯದು. 2015ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ಬಂದಾಗ, ಸ್ವಂತ ಬಳಕೆಗೆಂದು ಅದಕ್ಕೂ ಮೊದಲು ಕೊಟ್ಟಿದ್ದ ಗುತ್ತಿಗೆಗಳ ಅವಧಿಗೆ ಒಂದು ಗಡಿ ಹಾಕಿದರು: 2030ರ ಮಾರ್ಚ್ 31, ಅಥವಾ ಚಾಲ್ತಿಯಲ್ಲಿರುವ ನವೀಕರಣದ ಕೊನೆ, ಅಥವಾ ಮಂಜೂರಾದಂದಿನಿಂದ 50 ವರ್ಷ, ಇವುಗಳಲ್ಲಿ ಯಾವುದು ಕೊನೆಯದೋ ಅದು. ಆಮೇಲೆ ಹರಾಜು. ಹಳೆಯ ಗುತ್ತಿಗೆದಾರನಿಗೆ ಹರಾಜಿನಲ್ಲಿ ಬಂದ ದರವನ್ನು ತಾನೇ ಕೊಟ್ಟು ಉಳಿಸಿಕೊಳ್ಳುವ ಮೊದಲ ಹಕ್ಕು ಇದೆ ನಿಜ, ಆದರೆ ಆ ದರ ಎಷ್ಟಾಗುತ್ತದೆ ಎಂಬುದು ಅವನ ಕೈಯಲ್ಲಿಲ್ಲ. ಹಾಗಾಗಿ ನಿಮ್ಮ ಗುತ್ತಿಗೆಪತ್ರದಲ್ಲಿ ಯಾವ ದಿನಾಂಕವಿದೆ, ಉಳಿದ ಕಲ್ಲು ಎಷ್ಟು ವರ್ಷಕ್ಕೆ ಸಾಕು ಎಂಬುದನ್ನು ಮೊದಲು ಬರೆದುಕೊಳ್ಳಿ. ನಾಲ್ಕು ವರ್ಷದ ಗಣಿಯ ಮೇಲೆ ಏಳು ವರ್ಷಕ್ಕೆ ಹಣ ಮರಳುವ ಕೂಲರ್ ಕೂರಿಸುವ ಪ್ರಸ್ತಾವನೆಗಳು ಮಂಡಳಿಯ ಸಭೆಗೆ ಹೋಗುತ್ತವೆ, ಏಕೆಂದರೆ ಗಣಿಯ ಕಡತ ಒಂದು ಕೋಣೆಯಲ್ಲಿ, ಯೋಜನೆಯ ಕಡತ ಇನ್ನೊಂದು ಕೋಣೆಯಲ್ಲಿ ಇರುತ್ತದೆ.

ಎರಡನೆಯದು, 'ಪರಿಸರ' ಎಂದು ಬರೆದ ಜಾಗದಲ್ಲಿ ಯಾರ ಪರಿಸರ ಎಂಬುದು. ಊರಿನವರಿಗೆ ಅದು ಧೂಳು, ಬೋರ್‌ವೆಲ್ ನೀರು, ಲಾರಿಗಳ ಓಡಾಟ. ಪಾಲುದಾರರಿಗೆ ಇಂಗಾಲ. ಇವೆರಡೂ ಒಂದೇ ಹೂಡಿಕೆಯಿಂದ ಸುಧಾರಿಸುವುದು ಅಪರೂಪ. ಟನ್ನುಗಟ್ಟಲೆ ಇಂಗಾಲ ಉಳಿಸಿದ ಘಟಕದ ಪಕ್ಕದ ಹಳ್ಳಿಯಲ್ಲಿ ಬಟ್ಟೆ ಒಣಹಾಕಲು ಆಗದಿರಬಹುದು. ಚಿಮಣಿಯಿಂದ ಏನೂ ಕಾಣದ ಘಟಕ ಇಂಗಾಲದ ಪಟ್ಟಿಯಲ್ಲಿ ತೀರ ಕೆಳಗಿರಬಹುದು.

ಉಳಿದವು ಗೊತ್ತಿರುವವೇ: ಹಣ ಮರಳುವ ಕಾಲ, ಕಿಲ್ನ್ ನಿಲ್ಲಿಸಬೇಕಾದ ದಿನಗಳು, ಬೇಕಾಗುವ ನೀರು, ಪರವಾನಗಿಯ ಗೊಡವೆ. ಒಂದಷ್ಟು ಪೇಟೆಯ ಲೆಕ್ಕವೂ ಇದೆ. ಆಧುನೀಕರಣದ ಜೊತೆ ಉತ್ಪಾದನೆಯೂ ಏರಿದರೆ ಅದನ್ನು ಮಾರುವವರು ಯಾರು?

ಇಂಗಾಲದ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಹೋಲಿಕೆಗಳೆಲ್ಲ ಇದರ ಮೇಲೆ ನಿಂತಿವೆ. ಸುಣ್ಣಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಟನ್ ಕ್ಲಿಂಕರ್‌ಗೆ ಅದು ಸುಮಾರು 0.53 ಟನ್, ಕಲ್ಲಿದ್ದಲು ಸುಟ್ಟರೂ ಗಾಳಿ-ಬಿಸಿಲಿನಿಂದಲೇ ಶಾಖ ಕೊಟ್ಟರೂ ಅಷ್ಟೇ. ನಮ್ಮ ಮಾದರಿ ಘಟಕದಲ್ಲಿ ಇಂಧನದಿಂದ ಬರುವುದು 0.32 ಟನ್ನಿನ ಹತ್ತಿರ. ಒಟ್ಟು 0.85. ಈಗ ನೂರಾರು ಕೋಟಿ ಹಾಕಿ ಶಾಖವನ್ನು 800ರಿಂದ 720ಕ್ಕೆ ಇಳಿಸಿದಿರಿ ಎನ್ನಿ. ಇಂಧನದ ಪಾಲು ಶೇ 10ರಷ್ಟು ಇಳಿಯಿತು, ಒಟ್ಟು ಇಂಗಾಲ ಶೇ 4ರಷ್ಟೂ ಇಳಿಯಲಿಲ್ಲ. ಶಾಖದ ಆಧುನೀಕರಣವನ್ನು ಇಂಧನದ ಬಿಲ್ಲಿಗಾಗಿ ಮಾಡಿ, ತಪ್ಪಿಲ್ಲ. ಇಂಗಾಲದ ಹೆಸರಿನಲ್ಲಿ ಮಾಡಬೇಡಿ.

ದುಬಾರಿಯಲ್ಲದ ದುರಸ್ತಿ

ಯಾವ ದೊಡ್ಡ ಯೋಜನೆಗೂ ಮುನ್ನ ಮಾಡಬೇಕಾದ ಕೆಲಸ ಇದು, ಆದರೆ ಇದಕ್ಕೆ ಉದ್ಘಾಟನೆಯ ಕಲ್ಲು ನೆಡಲು ಆಗುವುದಿಲ್ಲವಾದ್ದರಿಂದ ಯಾರಿಗೂ ಉತ್ಸಾಹವಿರುವುದಿಲ್ಲ. ಪ್ರೀಹೀಟರ್ ಗೋಪುರದ ಫ್ಲಾಪುಗಳು, ತಪಾಸಣೆಯ ಬಾಗಿಲುಗಳು, ಕಿಲ್ನ್ ಬಾಯಿಯ ಸೀಲುಗಳು ವರ್ಷ ಕಳೆದಂತೆ ಸಡಿಲವಾಗಿ ಹೊರಗಿನ ತಣ್ಣಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಒಲೆಯ ಬಾಯಿಗೆ ಊದಿದರೆ ಬೆಂಕಿ ಏಳುತ್ತದೆ, ಪಾತ್ರೆಯ ಮೇಲೆ ಊದಿದರೆ ಅಡುಗೆ ಆರುತ್ತದೆ. ಹೀಗೆ ಸೋರಿ ಒಳಬರುವ ಗಾಳಿ, ಅಂದರೆ ಫಾಲ್ಸ್ ಏರ್, ಮಾಡುವುದು ಎರಡನೆಯದನ್ನು. ಕ್ಯಾಲ್ಸಿನರ್ ದಾಟಿದಾಗ ಶೇ 3 ಇದ್ದ ಆಮ್ಲಜನಕ ಗೋಪುರದ ತುದಿಯಲ್ಲಿ ಶೇ 6 ತೋರಿಸುತ್ತಿದ್ದರೆ, ಮೊದಲಿದ್ದ ಅನಿಲದ ಶೇ 20ರಷ್ಟು ಗಾಳಿ ದಾರಿಯಲ್ಲಿ ಸೋರಿ ಸೇರಿಕೊಂಡಿದೆ ಎಂದು ಅರ್ಥ. ಆ ಗಾಳಿಯನ್ನು ಬಿಸಿ ಮಾಡಿದ್ದು ನಿಮ್ಮ ಕಲ್ಲಿದ್ದಲು, ಎಳೆದು ಹೊರಗೆ ಹಾಕಿದ್ದು ಗೋಪುರದ ಅನಿಲ ಎಳೆಯುವ ನಿಮ್ಮ ಐಡಿ ಫ್ಯಾನ್.

ಫ್ಯಾನ್ ಎಂದಾಗ ಇನ್ನೊಂದು. ಹಳೆಯ ಘಟಕಗಳಲ್ಲಿ ದೊಡ್ಡ ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತವೆ, ಗಾಳಿಯನ್ನು ಡ್ಯಾಂಪರ್ ಅಡ್ಡಹಾಕಿ ತಡೆಯುತ್ತಾರೆ. ಫ್ಯಾನಿನ ವೇಗವನ್ನು ಶೇ 10ರಷ್ಟು ಇಳಿಸಿದರೆ ಅದು ಎಳೆಯುವ ವಿದ್ಯುತ್ ಸುಮಾರು ಶೇ 27 ಇಳಿಯುತ್ತದೆ. ವೇಗ ಬದಲಿಸುವ ಡ್ರೈವ್, ಹೊಸ ಬಹುನಾಳಿಕೆಯ ಬರ್ನರ್, ಸೀಲುಗಳು, ಕೂಲರ್‌ನ ಮೊದಲ ಗ್ರೇಟನ್ನಷ್ಟೇ ಸ್ಥಿರ ಗ್ರೇಟಿಗೆ ಬದಲಿಸುವುದು, ಸಿಮೆಂಟ್ ಮಿಲ್‌ಗೆ ನುಣ್ಣನೆಯ ಪುಡಿಯನ್ನು ಬೇರ್ಪಡಿಸುವ ಹೊಸ ತಲೆಮಾರಿನ ಸೆಪರೇಟರ್. ಇವೆಲ್ಲ ಸೇರಿದರೂ ವಾರ್ಷಿಕ ದುರಸ್ತಿಯ ನಿಲುಗಡೆಯಲ್ಲೇ ಮುಗಿಯುವ ಕೆಲಸಗಳು. 25ರಿಂದ 30 ಕಿಲೋಕ್ಯಾಲೊರಿ, ಕೆಲವು ಯೂನಿಟ್ ಇಳಿಯುತ್ತದೆ. ಸಾವಿರ ಕಿಲೋಕ್ಯಾಲೊರಿಗೆ ಇಂಧನದ ದರ 1.60 ರೂಪಾಯಿ ಎಂದು ಹಿಡಿದರೆ, 25 ಕಿಲೋಕ್ಯಾಲೊರಿ ಎಂದರೆ ವರ್ಷಕ್ಕೆ 4 ಕೋಟಿ ರೂಪಾಯಿ. ನಿಮ್ಮ ದರ ಬೇರೆಯಿದ್ದರೆ ಅದೇ ಅನುಪಾತದಲ್ಲಿ ಬದಲಿಸಿಕೊಳ್ಳಿ.

ಗುತ್ತಿಗೆಯ ಆಯುಷ್ಯ ಕಡಿಮೆಯಿರುವವರು ಶಾಖದ ವಿಷಯದಲ್ಲಿ ಇಲ್ಲಿಗೇ ನಿಲ್ಲುವುದು ಜಾಣತನ.

ಗೋಪುರ ಮತ್ತು ಕೂಲರ್: ದೊಡ್ಡ ಚಿಕಿತ್ಸೆ

ಈಗ ದೊಡ್ಡದಕ್ಕೆ ಬರೋಣ. 800 ಕಿಲೋಕ್ಯಾಲೊರಿಯಲ್ಲಿ ರಾಸಾಯನಿಕ ಕ್ರಿಯೆಗೆ ನಿಜವಾಗಿ ಬೇಕಾದದ್ದು 420ರ ಆಸುಪಾಸು. ಮಿಕ್ಕದ್ದರಲ್ಲಿ ಗೋಪುರದ ತುದಿಯಿಂದ ಹೋಗುವ ಬಿಸಿ ಅನಿಲದ್ದು ದೊಡ್ಡ ಪಾಲು, ಕೂಲರ್‌ನದು ಎರಡನೆಯದು, ಕಿಲ್ನ್‌ನ ಉಕ್ಕಿನ ಹೊರಮೈಯಿಂದ (ಶೆಲ್) ಹೊರಹೊಮ್ಮುವುದು ಕೊನೆಯದು. ನಾಲ್ಕು ಹಂತದ ಗೋಪುರದಿಂದ ಅನಿಲ 340–360 ಡಿಗ್ರಿಯಲ್ಲಿ ಹೊರಬಿದ್ದರೆ, ಆರು ಹಂತದಿಂದ 270ರ ಸುಮಾರಿಗೆ ಬೀಳುತ್ತದೆ. ಐದನೆಯ ಹಂತ 20–25 ಕಿಲೋಕ್ಯಾಲೊರಿ ಉಳಿಸುತ್ತದೆ, ಆರನೆಯದು ಅದರ ಅರ್ಧ. ಇನ್ನುಳಿದ ಗಳಿಕೆ ಹೊಸ ಕೂಲರ್ ಮತ್ತು ದೊಡ್ಡ ಕ್ಯಾಲ್ಸಿನರ್‌ನಿಂದ ಬರಬೇಕು. ಎಲ್ಲ ಸೇರಿ 80 ಕಿಲೋಕ್ಯಾಲೊರಿ ಇಳಿದರೆ ವರ್ಷಕ್ಕೆ ಉಳಿಯುವುದು, 5,000 ಕಿಲೋಕ್ಯಾಲೊರಿಯ ಕಲ್ಲಿದ್ದಲಿನ ಲೆಕ್ಕದಲ್ಲಿ, 16,000 ಟನ್. ಹಣದಲ್ಲಿ 12.8 ಕೋಟಿ.

ನೂರಾರು ಕೋಟಿಯ ಕೆಲಸಕ್ಕೆ ಇಷ್ಟೇ ಉಳಿತಾಯವೇ ಎಂದರೆ, ಹೌದು. ಇಂಧನ ಉಳಿತಾಯವೊಂದರಿಂದಲೇ ಈ ಚಿಕಿತ್ಸೆಯ ಖರ್ಚು ಹುಟ್ಟುವುದಿಲ್ಲ. ಇದರ ನಿಜವಾದ ಆಕರ್ಷಣೆ ಉತ್ಪಾದನೆ. ಇಂಧನದ ಸುಮಾರು ಶೇ 60ನ್ನು ಕ್ಯಾಲ್ಸಿನರಿನಲ್ಲಿ ಸುಟ್ಟು, ಕಲ್ಲಿನ ವಿಭಜನೆಯನ್ನು ಶೇ 90ರ ಮೇಲೆ ಅಲ್ಲೇ ಮುಗಿಸಿಬಿಟ್ಟರೆ ಅದೇ ವ್ಯಾಸದ ಕಿಲ್ನ್ ಬಹಳ ಹೆಚ್ಚು ಕ್ಲಿಂಕರ್ ಕೊಡುತ್ತದೆ. ಕ್ಯಾಲ್ಸಿನರೇ ಇಲ್ಲದ ಘಟಕದಲ್ಲಿ ಉತ್ಪಾದನೆ ಇಮ್ಮಡಿಯ ಹತ್ತಿರ ಹೋಗಬಹುದು. ಹಾಗೆ ಏರಿದಾಗ ಕ್ರಷರ್, ರಾ ಮಿಲ್, ಕಲ್ಲಿದ್ದಲ ಮಿಲ್, ಪ್ಯಾಕಿಂಗ್ ಎಲ್ಲವೂ ಏರಬೇಕು, ಗಣಿ ಬೇಗ ಬರಿದಾಗುತ್ತದೆ, ಪರಿಸರ ಅನುಮತಿಯನ್ನು ಹೊಸದಾಗಿ ಪಡೆಯಬೇಕು. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಂತೆ ವರ್ಷಕ್ಕೆ 10 ಲಕ್ಷ ಟನ್ ಮತ್ತು ಅದಕ್ಕೂ ಮೇಲಿನ ಸಿಮೆಂಟ್ ಘಟಕ 'ಎ' ವರ್ಗದ್ದು, ಕಡತ ದೆಹಲಿಗೆ ಹೋಗುತ್ತದೆ. ಸಾರ್ವಜನಿಕ ಅಹವಾಲು ಸಭೆಯ ಪೆಂಡಾಲಿನಲ್ಲಿ ಮೊದಲು ಏಳುವ ಪ್ರಶ್ನೆ ಧೂಳಿನದು ಎಂಬುದನ್ನು ಮರೆಯಬೇಡಿ.

ಹಳೆಯ ಘಟಕಗಳಲ್ಲಿ ಎರಡು ಬಲೆಗಳಿವೆ. ಒಂದು, ಕಿಲ್ನ್‌ಗೆ ಅಂಟಿಕೊಂಡು ತಿರುಗುವ ಪ್ಲಾನೆಟರಿ ಕೂಲರ್ ಇದ್ದರೆ ಕ್ಯಾಲ್ಸಿನರ್‌ಗೆ ಬೇಕಾದ, ಕೂಲರ್‌ನಿಂದ ಬೇರೆ ಕೊಳವೆಯಲ್ಲಿ ಬರುವ ಬಿಸಿ ಗಾಳಿ (ತೃತೀಯ ಗಾಳಿ) ಅದರಿಂದ ಸಿಗುವುದಿಲ್ಲ. ಮೊದಲು ಗ್ರೇಟ್ ಕೂಲರ್ ಹಾಕಿಯೇ ಮುಂದೆ ಹೋಗಬೇಕು. ಎರಡು, ಹಳೆಯ ಗೋಪುರದ ಅಡಿಪಾಯ ಇನ್ನೆರಡು ಸೈಕ್ಲೋನ್ ಹಂತಗಳ ಭಾರ ಹೊರುತ್ತದೆಯೇ ಎಂಬುದು. ಹೊರದಿದ್ದರೆ ಪಕ್ಕದಲ್ಲಿ ಹೊಸ ಗೋಪುರ ಕಟ್ಟಬೇಕು, ಆಗ ಅದು ಆಧುನೀಕರಣವೆಂಬ ಹೆಸರಿನ ಹೊಸ ಕಾರ್ಖಾನೆಯೇ.

ಶಾಖದಿಂದ ಕರೆಂಟ್: ಗೋಪುರದ ಜೊತೆ ಜಗಳ

ವೇಸ್ಟ್ ಹೀಟ್ ರಿಕವರಿ ಎಂದು ಎಲ್ಲರ ಬಾಯಲ್ಲಿರುವ ವ್ಯವಸ್ಥೆ ಪ್ರೀಹೀಟರ್ ಮತ್ತು ಕೂಲರ್‌ನಿಂದ ಹೊರಹೋಗುವ ಬಿಸಿಯಲ್ಲಿ ಹಬೆ ಮಾಡಿ ಟರ್ಬೈನ್ ತಿರುಗಿಸುತ್ತದೆ. ಟನ್ ಕ್ಲಿಂಕರ್‌ಗೆ 25–35 ಯೂನಿಟ್ ಸಿಗುತ್ತದೆ. ನಮ್ಮ ಮಾದರಿಯಲ್ಲಿ ಗಂಟೆಗೆ 125 ಟನ್ ಕ್ಲಿಂಕರ್, ಆದ್ದರಿಂದ ಸುಮಾರು 4 ಮೆಗಾವಾಟ್. ತನ್ನ ಖರ್ಚು ಕಳೆದು ವರ್ಷಕ್ಕೆ ಎರಡೂಮುಕ್ಕಾಲು ಕೋಟಿ ಯೂನಿಟ್, ಅಂದರೆ ಘಟಕದ ಬಳಕೆಯ ಐದನೇ ಒಂದು ಭಾಗ. ಮೆಗಾವಾಟ್‌ಗೆ 10ರಿಂದ 12 ಕೋಟಿ ಹಿಡಿದರೆ 40–48 ಕೋಟಿಯ ಹೂಡಿಕೆ. ಯೂನಿಟ್‌ಗೆ 7 ರೂಪಾಯಿಯ ಗ್ರಿಡ್ ವಿದ್ಯುತ್ತನ್ನು ಇದು ತೆಗೆದುಹಾಕುತ್ತಿದ್ದರೆ ವರ್ಷಕ್ಕೆ 19 ಕೋಟಿ ಉಳಿಯುತ್ತದೆ, ಎರಡೂವರೆ ವರ್ಷದಲ್ಲಿ ಹಣ ಮರಳುತ್ತದೆ. ಆದರೆ 4.50 ರೂಪಾಯಿಗೆ ಸೌರ ವಿದ್ಯುತ್ ನಿಮ್ಮ ಗೇಟಿನವರೆಗೆ ಬರುವಂತಿದ್ದು, ಅದನ್ನೇ ಇದು ತೆಗೆದುಹಾಕುವುದಾದರೆ ಲೆಕ್ಕ ನಾಲ್ಕು ವರ್ಷಕ್ಕೆ ಹಿಗ್ಗುತ್ತದೆ. ಬಿಸಿಲಿನ ಕರೆಂಟ್ ರಾತ್ರಿ ಇರುವುದಿಲ್ಲ, ಕಿಲ್ನ್ ಇರುವಷ್ಟು ಹೊತ್ತೂ ಇದು ಇರುತ್ತದೆ ಎಂಬುದು ಇದರ ಪರವಾದ ವಾದ. ಕಿಲ್ನ್ ನಿಂತರೆ ಇದೂ ಕೈಕೊಡುತ್ತದೆ ಎಂಬುದು ವಿರುದ್ಧದ್ದು.

ಅನೇಕರು ಎಡವುವುದು ಇಲ್ಲಿ. ಗೋಪುರಕ್ಕೆ ಹಂತ ಸೇರಿಸುವುದೂ ಹಬೆ ತೆಗೆಯುವುದೂ ಒಂದೇ ಅನಿಲದ ಶಾಖಕ್ಕೆ ಕೈಹಾಕುತ್ತವೆ. ಎರಡನ್ನೂ ಬೇರೆ ಬೇರೆ ಸಲಹೆಗಾರರಿಂದ ಬರೆಸಿ, ಎರಡರ ಉಳಿತಾಯವನ್ನೂ ಕೂಡಿಸಿ ತೋರಿಸಿದ ವರದಿಯನ್ನು ನಂಬಬೇಡಿ. ಮೂರನೆಯ ಪಾಲುದಾರನೂ ಇದ್ದಾನೆ: ರಾ ಮಿಲ್‌ನಲ್ಲಿ ಕಲ್ಲು ಒಣಗಿಸಲು ಬೇಕಾದ ಬಿಸಿ. ಕಲಬುರಗಿಯ ಕಲ್ಲು ವರ್ಷದ ಬಹುಪಾಲು ಒಣಗಿರುತ್ತದೆ, ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಬರುತ್ತದೆ. ಜುಲೈ–ಸೆಪ್ಟೆಂಬರ್‌ನ ತೇವಾಂಶ ಎಷ್ಟು ಎಂದು ಅಳೆಯದೆ ಬಾಯ್ಲರಿನ ಗಾತ್ರ ನಿಗದಿ ಮಾಡಿದರೆ ಆ ಮೂರು ತಿಂಗಳು ಟರ್ಬೈನಿಗೂ ಮಿಲ್ಲಿಗೂ ಹಗ್ಗಜಗ್ಗಾಟ.

ನನ್ನ ಅಭಿಪ್ರಾಯ: ನಾಲ್ಕು ಹಂತದ ಗೋಪುರ ಗಟ್ಟಿಯಾಗಿದ್ದು, ಉತ್ಪಾದನೆ ಏರಿಸುವ ಉದ್ದೇಶವಿಲ್ಲದಿದ್ದರೆ, ಗೋಪುರವನ್ನು ಹಾಗೇ ಬಿಟ್ಟು ಶಾಖದಿಂದ ಕರೆಂಟ್ ತೆಗೆಯುವುದೇ ಮೇಲು. ಕಿಲ್ನ್ ನಿಲ್ಲಿಸಬೇಕಾದ ದಿನಗಳು ಕಡಿಮೆ, ಹಣ ಬೇಗ ಮರಳುತ್ತದೆ. ಉತ್ಪಾದನೆ ಏರಿಸುವುದೇ ಉದ್ದೇಶವಾದರೆ ಗೋಪುರ ಮೊದಲು, ಟರ್ಬೈನ್ ಅದರ ಉಳಿಕೆಯ ಮೇಲೆ.

ನೀರಿನ ಮಾತು ಬಿಡುವಂತಿಲ್ಲ. ನೀರಿನಿಂದ ತಣಿಸುವ ಕಂಡೆನ್ಸರ್ ಅಗ್ಗ, ಆದರೆ ಬೇಸಿಗೆಯಲ್ಲಿ ಕಾಗಿಣಾ ನದಿಯ ಪಾತ್ರ ನೋಡಿದವರು ಅದನ್ನು ಸೂಚಿಸಲಾರರು. ಗಾಳಿಯಿಂದ ತಣಿಸುವುದಕ್ಕೆ ಹೆಚ್ಚು ಹಣ ಬೇಕು, ಏಪ್ರಿಲ್–ಮೇ ತಿಂಗಳಲ್ಲಿ ಉತ್ಪಾದನೆಯೂ ತುಸು ಕುಗ್ಗುತ್ತದೆ. ಆದರೂ ಈ ಭಾಗಕ್ಕೆ ಅದೇ ಸರಿ. ಇನ್ನೊಂದು ಲಾಭವೂ ಇದೆ. ಬಾಯ್ಲರ್ ಅನಿಲವನ್ನು ತಣಿಸುವುದರಿಂದ, ಇಂದು ಕಂಡೀಷನಿಂಗ್ ಟವರ್‌ನಲ್ಲಿ ಅದೇ ಕೆಲಸಕ್ಕೆ ಚಿಮುಕಿಸುತ್ತಿರುವ ನೀರು ಉಳಿಯುತ್ತದೆ.

ಅರೆಯುವ ಕೋಣೆ

ಹೆಚ್ಚು ಹೇಳುವುದಿಲ್ಲ, ಇಲ್ಲಿ ಉತ್ತರ ಸರಳ. ಬಾಲ್ ಮಿಲ್ ಮುಂದೆ ರೋಲರ್ ಪ್ರೆಸ್ ಕೂರಿಸಿದರೆ ಸಿಮೆಂಟಿನ ಪ್ರತಿ ಟನ್ನಿಗೆ ಎಂಟು–ಹತ್ತು ಯೂನಿಟ್ ಇಳಿಯುತ್ತದೆ. ಬಾಲ್ ಮಿಲ್ ತೆಗೆದು ವರ್ಟಿಕಲ್ ಮಿಲ್ ಹಾಕಿದರೆ ಇನ್ನೂ ಸ್ವಲ್ಪ ಹೆಚ್ಚು, ಜೊತೆಗೆ ಉಕ್ಕಿನ ಕಾರ್ಖಾನೆಯ ಕಿಟ್ಟವಾದ ಒದ್ದೆ ಸ್ಲ್ಯಾಗನ್ನು ಒಣಗಿಸಿ ಅರೆಯುವ ಅನುಕೂಲ. 14 ಲಕ್ಷ ಟನ್ ಸಿಮೆಂಟಿಗೆ ಎಂಟು ಯೂನಿಟ್ ಎಂದರೆ 1.12 ಕೋಟಿ ಯೂನಿಟ್, 7 ರೂಪಾಯಿಯ ದರದಲ್ಲಿ ಎಂಟು ಕೋಟಿಗೆ ಹತ್ತಿರ. ರೋಲರ್ ಪ್ರೆಸ್‌ನ ರೋಲುಗಳ ಮೇಲ್ಮೈ ಸವೆತ, ಬೇರಿಂಗ್‌ಗಳ ಗೋಳು ಇದ್ದೇ ಇದೆ. ನುರಿತ ಮೆಕ್ಯಾನಿಕಲ್ ತಂಡವಿಲ್ಲದಿದ್ದರೆ ಮೊದಲು ತಂಡ ಕಟ್ಟಿ. ಈ ಹೂಡಿಕೆಯ ದೊಡ್ಡ ಗುಣವೆಂದರೆ ಮುಂದೊಂದು ದಿನ ಕಿಲ್ನ್ ಮುಚ್ಚಿದರೂ ಮಿಲ್ ಉಳಿಯುತ್ತದೆ. ಗಣಿಯ ಭವಿಷ್ಯ ಅನುಮಾನವಿರುವವರಿಗೆ ಇದು ಮುಖ್ಯ.

ಬೂದಿ, ಸ್ಲ್ಯಾಗ್, ಜೇಡಿ

ಇಂಗಾಲವೇ ನಿಮ್ಮ ಮುಖ್ಯ ಚಿಂತೆಯಾದರೆ ಕಿಲ್ನ್‌ನಿಂದ ಕಣ್ಣು ತೆಗೆದು ಚೀಲದೊಳಗೆ ನೋಡಿ. ಬೆರಕೆಯಿಲ್ಲದ ಸಾದಾ ಸಿಮೆಂಟ್ ಒಪಿಸಿಯಲ್ಲಿ ಶೇ 95ರಷ್ಟು ಕ್ಲಿಂಕರ್. ಹಾರುಬೂದಿ ಬೆರೆಸಿದ ಪಿಪಿಸಿಯಲ್ಲಿ ಭಾರತೀಯ ಮಾನಕ ಐಎಸ್ 1489 ಪ್ರಕಾರ ಬೂದಿ ಶೇ 35ರವರೆಗೆ ಹೋಗಬಹುದು, ಕ್ಲಿಂಕರ್ ಶೇ 62ರ ಹತ್ತಿರ ಇಳಿಯುತ್ತದೆ. ಟನ್ ಸಿಮೆಂಟಿನ ಇಂಗಾಲ 0.81ರಿಂದ 0.53ಕ್ಕೆ ಬರುತ್ತದೆ. ನೂರಾರು ಕೋಟಿಯ ಗೋಪುರ ಕೊಟ್ಟ ಶೇ 4ನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೇಕಾದದ್ದು ಬೂದಿಯ ಸೈಲೊ, ಡೋಸಿಂಗ್ ವ್ಯವಸ್ಥೆ, ಒಳ್ಳೆಯ ಸೆಪರೇಟರ್, ಪ್ರಯೋಗಾಲಯದಲ್ಲಿ ಎಚ್ಚರ. ಅದೇ 10 ಲಕ್ಷ ಟನ್ ಕ್ಲಿಂಕರ್‌ನಿಂದ ಹತ್ತೂವರೆ ಲಕ್ಷದ ಬದಲು 16 ಲಕ್ಷ ಟನ್ ಸಿಮೆಂಟ್ ಆಗುತ್ತದೆ, ಗಣಿಯ ಆಯುಷ್ಯವೂ ಆ ಮಟ್ಟಿಗೆ ಹಿಗ್ಗುತ್ತದೆ.

ತೊಡಕು ಬೂದಿಯದು. ಶಕ್ತಿನಗರ, ಯರಮರಸ್, ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ನಮ್ಮ ಭಾಗದ ಭಾಗ್ಯ. ಆದರೆ ಬೇಕಾದದ್ದು ಇಎಸ್‌ಪಿ ಹಾಪರ್‌ನಿಂದ ನೇರ ಬಂದ ಒಣ ಬೂದಿ. ಕೆರೆಗೆ ಬಿಟ್ಟ ಒದ್ದೆ ಬೂದಿಯಲ್ಲಿ ಸತ್ವ ಕಡಿಮೆ. ಗಾಳಿ, ಬಿಸಿಲು, ಜಲವಿದ್ಯುತ್ ಜೋರಾಗಿರುವ ತಿಂಗಳುಗಳಲ್ಲಿ ಈ ಸ್ಥಾವರಗಳ ಘಟಕಗಳು ನಿಲ್ಲುತ್ತವೆ, ಬೂದಿಯೂ ನಿಲ್ಲುತ್ತದೆ. ಎರಡು ಮೂಲಗಳೊಂದಿಗೆ ಒಪ್ಪಂದ, ಕೆಲವು ವಾರಕ್ಕೆ ಸಾಕಾಗುವ ದಾಸ್ತಾನು ಇಲ್ಲದೆ ಪಿಪಿಸಿಯನ್ನೇ ನಂಬಿ ಕೂರಬೇಡಿ. ತೋರಣಗಲ್ಲಿನ ಸ್ಲ್ಯಾಗ್ ಬಳ್ಳಾರಿಗೆ ಹತ್ತಿರವಿರುವವರಿಗೆ ಲಾಭ, ಸೇಡಂಗೆ ಬರುವಷ್ಟರಲ್ಲಿ ಸಾಗಣೆ ನುಂಗುತ್ತದೆ. ಎರಡೂ ಸಿಗುವವರು ಐಎಸ್ 16415ರ ಕಾಂಪೋಸಿಟ್ ಸಿಮೆಂಟನ್ನು ಯೋಚಿಸಬಹುದು, ಅದರಲ್ಲಿ ಕ್ಲಿಂಕರ್ ಶೇ 35ರವರೆಗೂ ಇಳಿಯಬಹುದು.

ಪೇಟೆಯ ಕಷ್ಟವೂ ನಿಜ. ಬೆರಕೆ ಸಿಮೆಂಟಿಗೆ ಮೊದಲ ದಿನಗಳ ಬಲ ನಿಧಾನವಾಗಿ ಬರುತ್ತದೆ, ಕ್ಯೂರಿಂಗ್ ಹೆಚ್ಚು ಬೇಕು. ನಾಲ್ವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಟ್ಯಾಂಕರ್ ನೀರು ಕೊಂಡು ಕಟ್ಟುವ ಮನೆಯವರು ಎಷ್ಟು ದಿನ ನೀರು ಹಾಕುತ್ತಾರೆ? ಮೇಸ್ತ್ರಿ 'ಸ್ಲ್ಯಾಬಿಗೆ 53 ಗ್ರೇಡ್ ಒಪಿಸಿಯೇ ತನ್ನಿ' ಎನ್ನುವುದಕ್ಕೆ ಕಾರಣವಿಲ್ಲದಿಲ್ಲ. ಡೀಲರ್ ಮತ್ತು ಮೇಸ್ತ್ರಿಗಳ ಮಟ್ಟದಲ್ಲಿ ಕೆಲಸ ಮಾಡದೆ ಚೀಲದ ಮೇಲಿನ ಹೆಸರನ್ನಷ್ಟೇ ಬದಲಿಸಿದವರು ಪೇಟೆ ಕಳೆದುಕೊಳ್ಳುತ್ತಾರೆ.

ಮೂರನೆಯ ದಾರಿ ಎಲ್‌ಸಿ-3: ಅರ್ಧ ಕ್ಲಿಂಕರ್, ಸುಮಾರು ಶೇ 30 ಸುಟ್ಟ ಜೇಡಿ, ಶೇ 15 ಸುಣ್ಣಕಲ್ಲು, ಉಳಿದದ್ದು ಜಿಪ್ಸಂ. ಸ್ವಿಟ್ಜರ್ಲೆಂಡ್ ಮತ್ತು ಕ್ಯೂಬಾದ ಸಂಶೋಧಕರ ಜೊತೆ ನಮ್ಮ ಐಐಟಿಗಳೂ ಸೇರಿ ಬೆಳೆಸಿದ್ದು. 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಭಾರತೀಯ ಮಾನಕವೂ ಬಂದಿದೆ. ಜೇಡಿಯನ್ನು 700–850 ಡಿಗ್ರಿಯಲ್ಲಿ ಸುಟ್ಟರೆ ಸಾಕು, ಕ್ಲಿಂಕರ್‌ಗೆ ಬೇಕಾದ 1,450 ಬೇಡ. ಹಳೆಯ ಘಟಕಕ್ಕೆ ಇದು ವಿಶೇಷವಾಗಿ ಒಪ್ಪುವುದೇಕೆಂದರೆ, ಬಳಕೆಯಲ್ಲಿಲ್ಲದ ಸಣ್ಣ ಕಿಲ್ನ್ ಇದ್ದರೆ ಅದನ್ನೇ ಜೇಡಿ ಸುಡಲು ಮಾರ್ಪಡಿಸಬಹುದು. ಆದರೆ ಜೇಡಿಯಲ್ಲಿ ಕೆಯೊಲಿನೈಟ್ ಎಂಬ ಖನಿಜ ಕನಿಷ್ಠ ಶೇ 40ರಷ್ಟು ಇರಬೇಕು. ಕಾರ್ಖಾನೆಯ ಸುತ್ತಲಿರುವ ಎರೆಮಣ್ಣು ಇದಕ್ಕೆ ಆಗುವುದಿಲ್ಲ, ಅದರ ಖನಿಜವೇ ಬೇರೆ. ಬೀದರ್‌ನಂಥ ಲ್ಯಾಟರೈಟ್ ನೆಲದ ಅಡಿಯ ಜೇಡಿಯನ್ನು ಪರೀಕ್ಷಿಸಿ ನೋಡಬೇಕು. ಕಬ್ಬಿಣ ಹೆಚ್ಚಿರುವ ಜೇಡಿ ಕೆಂಪಗೆ ಸುಡುತ್ತದೆ, ಕೆಂಪು ಸಿಮೆಂಟ್ ಮಾರುವುದು ಸುಲಭವಲ್ಲ. ಆಮ್ಲಜನಕ ಕಡಿಮೆಯಿರುವ ವಾತಾವರಣದಲ್ಲಿ ತಣಿಸಿ ಬೂದುಬಣ್ಣ ತರುವ ತಂತ್ರವಿದೆ, ಅದಕ್ಕೆ ಖರ್ಚಿದೆ.

ಕಸ, ತೊಗರಿ ಕಟ್ಟಿಗೆ, ದ್ರಾವಕ

ಕಲ್ಲಿದ್ದಲು, ಪೆಟ್‌ಕೋಕ್ (ಕಚ್ಚಾತೈಲ ಶುದ್ಧೀಕರಣದ ಇದ್ದಿಲು) ಬದಲಿಗೆ ಪರ್ಯಾಯ ಇಂಧನ ಸುಡುವ ಆಯ್ಕೆಯನ್ನು ನಗರಪಾಲಿಕೆಗಳು ಬಹಳ ಪ್ರೀತಿಸುತ್ತವೆ. ಕಸದಿಂದ ತೆಗೆದ ಇಂಧನ, ಅಂದರೆ ಆರ್‌ಡಿಎಫ್ ತಯಾರಿಸುವ ಘಟಕದಿಂದ 100 ಕಿಲೋಮೀಟರ್ ಒಳಗಿರುವ ಕಾರ್ಖಾನೆಗಳು ಇಂಧನದ ಕನಿಷ್ಠ ಶೇ 5ನ್ನು ಅದರಿಂದ ತುಂಬಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದರು. ಯುರೋಪಿನ ಸಿಮೆಂಟ್ ಕಿಲ್ನ್‌ಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ಶಾಖವನ್ನು ಹೀಗೆ ಪಡೆಯುತ್ತವೆ, ನಾವಿನ್ನೂ ಒಂದಂಕಿಯಲ್ಲಿದ್ದೇವೆ.

ನಮ್ಮ ಮಾದರಿ ಘಟಕ ಶೇ 10 ತಲುಪಲು ಕಿಲೋಗೆ 3,000 ಕಿಲೋಕ್ಯಾಲೊರಿಯ ಆರ್‌ಡಿಎಫ್ ದಿನಕ್ಕೆ 80 ಟನ್ ಬೇಕು. ಒಣಗಿದ, ಕತ್ತರಿಸಿದ, ಕಲ್ಲು–ಗಾಜು ಇಲ್ಲದ 80 ಟನ್. ಬೆಂಗಳೂರಿನಿಂದ ತರುವುದಾದರೆ 600 ಕಿಲೋಮೀಟರ್ ದಾರಿಯ ಡೀಸೆಲ್ ಯಾರು ಕೊಡುತ್ತಾರೆ ಎಂಬುದೇ ಒಪ್ಪಂದದ ತಿರುಳು. ಕಸದಲ್ಲಿರುವ ಪ್ಲಾಸ್ಟಿಕ್ ಮತ್ತು ಉಪ್ಪಿನಿಂದ ಬರುವ ಕ್ಲೋರಿನ್ ಕಿಲ್ನ್ ಬಾಯಲ್ಲಿ, ಕೆಳಗಿನ ಸೈಕ್ಲೋನ್‌ಗಳಲ್ಲಿ ಗಟ್ಟಿ ಪದರ ಕಟ್ಟುತ್ತದೆ. ಒಂದು ಸೈಕ್ಲೋನ್ ಕಟ್ಟಿಕೊಂಡರೆ ಕಿಲ್ನ್ ನಿಲ್ಲುತ್ತದೆ, ಅದನ್ನು ಬಿಡಿಸಲು ಹೋಗುವವರ ಜೀವಕ್ಕೂ ಅಪಾಯ. ಶೇ 10–15ರ ಮೇಲೆ ಹೋಗುವವರು ಕ್ಲೋರಿನ್ ತುಂಬಿದ ಅನಿಲದ ಒಂದಷ್ಟನ್ನು ಬೇರೆ ದಾರಿಯಲ್ಲಿ ಹೊರತೆಗೆಯುವ ಕ್ಲೋರಿನ್ ಬೈಪಾಸ್ ಹಾಕಲೇಬೇಕಾಗಬಹುದು. ಕ್ಯಾಲ್ಸಿನರ್ ಇಲ್ಲದ ಅಥವಾ ತೀರ ಚಿಕ್ಕದಾದ ಘಟಕದಲ್ಲಿ ದಪ್ಪ ತುಂಡುಗಳು ಉರಿದು ಮುಗಿಯಲು ಹೊತ್ತು ಸಾಲದು. ಅನಿಲದ ಪ್ರಮಾಣ ಏರುವುದರಿಂದ, ಐಡಿ ಫ್ಯಾನ್ ಈಗಾಗಲೇ ದಣಿದಿದ್ದರೆ ಉತ್ಪಾದನೆ ಇಳಿಯುತ್ತದೆ.

ಸಣ್ಣ ಬಜೆಟ್‌ನವರಿಗೆ ನಾನು ಸೂಚಿಸುವುದು ದ್ರವ ಮತ್ತು ಕೃಷಿ ತ್ಯಾಜ್ಯದಿಂದ ಆರಂಭಿಸುವುದನ್ನು. ಬೀದರ್ ಮತ್ತು ಹೈದರಾಬಾದಿನ ಔಷಧ ಕಾರ್ಖಾನೆಗಳ ಬಳಸಿದ ದ್ರಾವಕ ಒಳ್ಳೆಯ ಇಂಧನ, ಪಂಪು–ಟ್ಯಾಂಕಿನಲ್ಲಿ ಕೆಲಸ ಮುಗಿಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಪ್ರತಿ ಟ್ಯಾಂಕರ್‌ನ ಕ್ಲೋರಿನ್ ಪರೀಕ್ಷೆ ಮಾತ್ರ ಕಡ್ಡಾಯ. ತೊಗರಿಯ ಕಣಜದಲ್ಲಿ ಕೂತು ತೊಗರಿ ಕಟ್ಟಿಗೆಯನ್ನು ಮರೆಯುವುದೂ ಸರಿಯಲ್ಲ. ಒಂದೇ ಎಚ್ಚರ: ಅದು ಬಹಳ ಮನೆಗಳ ಒಲೆಯ ಸೌದೆ. ಹೊಲದಲ್ಲೇ ಬೆಂಕಿಗೆ ಹೋಗುವುದನ್ನು ಕೊಳ್ಳಿ, ಒಲೆಗೆ ಹೋಗುವುದಕ್ಕೆ ಪೈಪೋಟಿ ಮಾಡಬೇಡಿ.

ಧೂಳು

ಇಂಧನ ಉಳಿಸದ, ವಿದ್ಯುತ್ ಉಳಿಸದ, ಆದರೂ ಮುಂದೂಡಬಾರದ ಖರ್ಚು ಇದು. ಈಗಿನ ಮಿತಿ ಘನ ಮೀಟರಿಗೆ 30 ಮಿಲಿಗ್ರಾಂ. ಹಳೆಯ ಇಎಸ್‌ಪಿಯ ದೊಡ್ಡ ದೋಷ ಸಿಒ ಟ್ರಿಪ್: ಕಿಲ್ನ್ ಏರುಪೇರಾಗಿ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿದರೆ ಸ್ಫೋಟದ ಭಯಕ್ಕೆ ಅದು ತಾನೇ ಆರಿಹೋಗುತ್ತದೆ, ಆ ಹೊತ್ತಿನಲ್ಲಿ ಚಿಮಣಿಯಿಂದ ಬಿಳಿ ಮೋಡವೇ ಏಳುತ್ತದೆ. ಇಎಸ್‌ಪಿ ಪೆಟ್ಟಿಗೆಯೊಳಗೇ ಚೀಲದ ಫಿಲ್ಟರ್ ಕೂರಿಸಿದರೆ ಈ ಗೋಳು ತಪ್ಪುತ್ತದೆ. ಬದಲಿಗೆ ಫ್ಯಾನಿನ ವಿದ್ಯುತ್ ಏರುತ್ತದೆ, ಚೀಲಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು, ಅನಿಲ ತೀರ ಬಿಸಿಯಾಗಿ ಬಂದರೆ ಚೀಲ ಸುಡುತ್ತದೆ. ಬಾಯ್ಲರ್ ಹಾಕಿ ಅನಿಲ ತಣಿದಿರುವ ಘಟಕದಲ್ಲಿ ಈ ಕೊನೆಯ ಚಿಂತೆ ಕಡಿಮೆ.

ಇಷ್ಟಾಗಿಯೂ ಊರಿನ ಮೇಲೆ ಬೀಳುವ ಧೂಳಿನ ಒಳ್ಳೆಯ ಪಾಲು ಚಿಮಣಿಯದಲ್ಲ. ಬಯಲಲ್ಲಿ ಸುರಿದ ಕ್ಲಿಂಕರ್, ಬಾಯಿ ತೆರೆದ ಕನ್ವೇಯರ್, ಗಣಿಯ ಹಾದಿ, ತಾಡಪತ್ರಿ ಮುಚ್ಚದ ಲಾರಿ. ಕ್ಲಿಂಕರ್‌ಗೆ ಚಾವಣಿ, ಲಾರಿ ಚಕ್ರ ತೊಳೆಯುವ ಕಟ್ಟೆ, ಕಾಂಕ್ರೀಟ್ ರಸ್ತೆ, ಗುಡಿಸುವ ಯಂತ್ರ: ಫಿಲ್ಟರ್‌ನ ಖರ್ಚಿಗೆ ಹೋಲಿಸಿದರೆ ಚಿಲ್ಲರೆ.

ಹಣ ಮತ್ತು ಗಣಿ ನೋಡಿ ಆಯ್ದುಕೊಳ್ಳಲು

ಗುತ್ತಿಗೆ ಐದು ವರ್ಷದೊಳಗೆ ಮುಗಿಯುವುದಿದ್ದು ಹರಾಜಿನ ಬಗ್ಗೆ ಧೈರ್ಯವಿಲ್ಲದಿದ್ದರೆ: ಸೋರಿಕೆಯ ದುರಸ್ತಿ, ಡ್ರೈವ್‌ಗಳು, ನೆಲದ ಧೂಳು, ಬೂದಿಯ ಸೈಲೊ. ಉಳಿದ ಹಣ ಸಿಮೆಂಟ್ ಮಿಲ್‌ಗೆ. ಕಿಲ್ನ್ ಆರಿಸಿ ಗ್ರೈಂಡಿಂಗ್ ಘಟಕವಾಗಿ ಬದುಕುವ ದಾರಿ ಆಗ ತೆರೆದಿರುತ್ತದೆ. ಅದರಲ್ಲಿ ಕೆಲಸ ಕಳೆದುಕೊಳ್ಳುವವರು ಗಣಿ ಮತ್ತು ಕಿಲ್ನ್ ವಿಭಾಗದವರು ಎಂಬುದನ್ನು ಮೊದಲೇ ಹೇಳಿ, ಮಿಲ್ ಮತ್ತು ಪ್ಯಾಕಿಂಗ್‌ಗೆ ತರಬೇತಿ ಕೊಡುವ ಕಾಲವೂ ಇದೇ.

ಗಣಿ ಗಟ್ಟಿಯಾಗಿದ್ದು ಕೈಯಲ್ಲಿ 50–60 ಕೋಟಿ ಇದ್ದರೆ: ದುರಸ್ತಿಯ ನಂತರ ಶಾಖದಿಂದ ಕರೆಂಟ್. ಬಾಯ್ಲರಿಗೆ ಸಹಿ ಹಾಕುವ ಮುನ್ನ ಸೋರಿಕೆ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಸೋರುವ ಗಾಳಿಗೆ ತಕ್ಕ ಗಾತ್ರದ ಬಾಯ್ಲರ್ ಕೊಂಡಂತಾಗುತ್ತದೆ. ಗ್ರಿಡ್ ದರ ಕಡಿಮೆಯಿರುವ ಒಪ್ಪಂದ ನಿಮ್ಮದಾಗಿದ್ದರೆ ಅದೇ ಹಣದಲ್ಲಿ ರೋಲರ್ ಪ್ರೆಸ್ ಮತ್ತು ಚೀಲದ ಫಿಲ್ಟರ್.

ಗಣಿ, ಪೇಟೆ, ಸಾಲ ಮೂರೂ ಇರುವವರು ಗೋಪುರ–ಕ್ಯಾಲ್ಸಿನರ್–ಕೂಲರ್ ಒಟ್ಟಿಗೆ ಮಾಡಬಹುದು, ತುಂಡು ತುಂಡಾಗಿ ಅಲ್ಲ. ದೊಡ್ಡ ಕ್ಯಾಲ್ಸಿನರ್ ಹಾಕುವಾಗಲೇ ಆರ್‌ಡಿಎಫ್‌ಗೆ ಬೇಕಾದ ಉದ್ದ, ಬೈಪಾಸ್‌ಗೆ ಜಾಗ, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಅಮೋನಿಯ ಸಿಂಪಡಣೆಗೆ ರಂಧ್ರಗಳನ್ನು ಬಿಡಿಸಿ. ಆಮೇಲೆ ಮಾಡಿಸುವುದು ಹತ್ತು ಪಟ್ಟು ಕಿರಿಕಿರಿ. ಇಂಗಾಲವನ್ನೇ ಹಿಡಿದು ನೆಲದಡಿ ಹೂಳುವ ತಂತ್ರ ನಾರ್ವೆಯ ಬ್ರೆವಿಕ್‌ನಲ್ಲಿ 2025ರಿಂದ ವರ್ಷಕ್ಕೆ 4 ಲಕ್ಷ ಟನ್ನಿನ ಸಾಮರ್ಥ್ಯದಲ್ಲಿ ನಡೆಯುತ್ತಿದೆ, ಸರ್ಕಾರದ ದೊಡ್ಡ ನೆರವಿನಿಂದ. ನಮ್ಮ ಮಧ್ಯಮ ಘಟಕದ ಈ ದಶಕದ ಆಯ್ಕೆ ಅದಲ್ಲ. 2023ರಲ್ಲಿ ಅಧಿಸೂಚಿತವಾದ ಇಂಗಾಲದ ಕ್ರೆಡಿಟ್ ವಹಿವಾಟು ಯೋಜನೆಯಲ್ಲಿ ಸಿಮೆಂಟ್ ಇದೆ, ಅದರ ಗುರಿ ಮುಟ್ಟಲು ಬೆರಕೆಯೇ ಅಗ್ಗದ ದಾರಿ.

ಯಾವುದನ್ನು ಆಯ್ದುಕೊಂಡರೂ ಒಪ್ಪಂದಕ್ಕೆ ಮುನ್ನ ಇಂದಿನ ಸ್ಥಿತಿಯ ಶಾಖದ ಲೆಕ್ಕವನ್ನು ಯಂತ್ರ ಮಾರುವವರಿಂದ ಮಾಡಿಸಬೇಡಿ. ಬಲ್ಲಭಗಢದ ಸಿಮೆಂಟ್ ಸಂಶೋಧನಾ ಸಂಸ್ಥೆ ಎನ್‌ಸಿಬಿಯಂಥ ಮೂರನೆಯವರಿಂದ ಅಳೆಯಿಸಿ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ. ಹೊಸ ಯಂತ್ರದ ಖಾತರಿ ಪರೀಕ್ಷೆಯನ್ನು ಅದೇ ಅಳತೆಯ ವಿಧಾನದಲ್ಲಿ, ನಿಮ್ಮ ಕಲ್ಲು, ನಿಮ್ಮ ಇಂಧನದ ಮೇಲೆ ನಡೆಸಬೇಕೆಂದು, ತಪ್ಪಿದರೆ ಪ್ರತಿ ಕಿಲೋಕ್ಯಾಲೊರಿಗೆ ಎಷ್ಟು ದಂಡವೆಂದು ಬರೆಸಿಕೊಳ್ಳಿ. ಈ ಕೊನೆಯ ಷರತ್ತು ಕೇಳಿದ ಮೇಲೂ ಮೊದಲು ಹೇಳಿದ ಉಳಿತಾಯದ ಅಂಕಿಯನ್ನು ಬದಲಿಸದವರ ಕೊಟೇಶನ್ನನ್ನು ಮೇಲಿಡಿ.